‘ಮೃಗಾಲಯದಲ್ಲೇ ಹುಟ್ಟಿದ್ದು’ ಎಂದರೆ ಸಾಕೇ?

ಹಂಪಿ ನೋಡಲು ಹೋದಾಗ ನಮ್ಮಲ್ಲಿ ಅನೇಕರು ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಝೂಲಾಜಿಕಲ್ ಪಾರ್ಕ್‌ನಲ್ಲೂ ಒಂದು ಸುತ್ತು ಹಾಕಿ ಬಂದಿದ್ದೇವೆ. ಕರಡಿ ನೋಡಲು ಅಷ್ಟು ದೂರವೂ ಬೇಡ, ನಮ್ಮ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆ. ಆದರೆ ಗೊರಿಲ್ಲಾ ಭಾರತದ ಯಾವ ಕಾಡಿನಲ್ಲೂ ಇಲ್ಲ. ಹಾಗಾದರೆ ಮೈಸೂರು ಮೃಗಾಲಯಕ್ಕೆ ಅದು ಹೇಗೆ ಬಂತು?

2020ರ ಆಗಸ್ಟ್‌ನಲ್ಲಿ ಮೈಸೂರಿಗೆ ದಕ್ಷಿಣ ಆಫ್ರಿಕಾದ ಒಂದು ಸಂತಾನೋತ್ಪತ್ತಿ ಕೇಂದ್ರದಿಂದ ಮೂರು ಚೀತಾಗಳು ಬಂದವು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು. 2025ರ ಜುಲೈನಲ್ಲಿ ಬನ್ನೇರುಘಟ್ಟಕ್ಕೆ ದಕ್ಷಿಣ ಆಫ್ರಿಕಾದಿಂದ ಎಂಟು ಕಪುಚಿನ್ ಕೋತಿಗಳು ಬಂದವು.

ನಾವು ಕಾಲೇಜಿಗೆ ಸೇರುವಾಗ ಟಿ.ಸಿ., ಅಂಕಪಟ್ಟಿ ತರುತ್ತೇವಲ್ಲ, ಪ್ರಾಣಿಗಳಿಗೂ ಹಾಗೆಯೇ ಕಾಗದ ಬೇಕು. ಮೃಗಾಲಯವು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಪಡೆದಿರಬೇಕು. ಈ ಪ್ರಾಧಿಕಾರ 1992ರಲ್ಲಿ ಆರಂಭವಾಯಿತು. ಆಮದಿಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ರೋಗ ಹರಡದಂತೆ ಪಶುಸಂಗೋಪನಾ ಇಲಾಖೆಯ ಅನುಮತಿಯೂ, ಬಂದ ಮೇಲೆ ಕ್ವಾರಂಟೈನ್ ಕೂಡ ಕಡ್ಡಾಯ.

ಇವೆಲ್ಲದರ ಜೊತೆಗೆ ‘ಸೈಟ್ಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಇದು 1975ರಲ್ಲಿ ಜಾರಿಗೆ ಬಂತು. ಭಾರತ 1976ರಲ್ಲಿ ಸೇರಿತು. ಇದರ ಮೊದಲನೇ ಅನುಬಂಧದಲ್ಲಿ ಅಳಿವಿನಂಚಿನ ಜೀವಿಗಳಿವೆ. ಚೀತಾ, ಗೊರಿಲ್ಲಾ ಇದರಲ್ಲಿವೆ. ಕಪುಚಿನ್ ಕೋತಿ ಎರಡನೇ ಅನುಬಂಧದ್ದು. ಪ್ರತಿ ಪರವಾನಗಿಯ ಮೇಲೂ ಪ್ರಾಣಿಯ ಮೂಲ ತಿಳಿಸುವ ಒಂದು ಅಕ್ಷರವಿರುತ್ತದೆ. ‘ಡಬ್ಲ್ಯೂ’ ಎಂದರೆ ಕಾಡಿನಿಂದ ಹಿಡಿದದ್ದು. ‘ಸಿ’ ಎಂದರೆ ಬಂಧನದಲ್ಲೇ ಸಾಕಿ ಬೆಳೆಸಿದ ಸಂತತಿ. ಬರೀ ಬೋನಿನಲ್ಲಿ ಹುಟ್ಟಿದರೆ ‘ಸಿ’ ಸಿಗುವುದಿಲ್ಲ. ತಂದೆ ತಾಯಿ ಬಂಧನದಲ್ಲೇ ಕೂಡಿರಬೇಕು, ಆ ಕೇಂದ್ರಕ್ಕೆ ಎರಡನೇ ತಲೆಮಾರಿನವರೆಗೂ ಮರಿ ಮಾಡಿಸುವ ಸಾಮರ್ಥ್ಯ ಇರಬೇಕು.

ತೊಡಕು ಇರುವುದು ಇಲ್ಲೇ. ‘ಸಿ’ ಎಂದು ಬರೆದರೆ ನಿಯಮ ಸಡಿಲವಾಗುತ್ತದೆ. ಕಾಡಿನ ಮೇಲೆ ಹೊರೆ ಬೀಳದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಈ ರಿಯಾಯಿತಿ ಕೊಟ್ಟಿದ್ದಾರೆ. ಆದರೆ ಕಳ್ಳಸಾಗಣೆದಾರನಿಗೂ ಅದೇ ಅಕ್ಷರ ಬೇಕು.

2002ರಲ್ಲಿ ಮಲೇಷ್ಯಾದ ತೈಪಿಂಗ್ ಮೃಗಾಲಯಕ್ಕೆ ನಾಲ್ಕು ಗೊರಿಲ್ಲಾ ಮರಿಗಳು ಬಂದವು. ನೈಜೀರಿಯಾದ ಇಬಾದಾನ್ ಮೃಗಾಲಯದಲ್ಲಿ ಹುಟ್ಟಿದವು ಎಂದು ಕಾಗದದಲ್ಲಿತ್ತು. ಆದರೆ ಅಲ್ಲಿದ್ದದ್ದು ಒಂದೇ ಒಂದು ಮುದಿ ಹೆಣ್ಣು ಗೊರಿಲ್ಲಾ! ಮರಿಗಳು ನಿಜವಾಗಿ ಕ್ಯಾಮರೂನ್ ಕಾಡಿನವು. ಗೊರಿಲ್ಲಾ ಮರಿ ಹಿಡಿಯಬೇಕಾದರೆ ಸಾಮಾನ್ಯವಾಗಿ ತಾಯಿಯನ್ನು ಕೊಲ್ಲುತ್ತಾರೆ. ಆ ನಾಲ್ಕೂ ತಮ್ಮ ನಾಡಿಗೆ ಮರಳಿದ್ದು 2007ರಲ್ಲಿ, ಅದೂ ಕಾಡಿಗಲ್ಲ, ಲಿಂಬೆ ಎಂಬ ಊರಿನ ವನ್ಯಜೀವಿ ಕೇಂದ್ರಕ್ಕೆ.

ಆದ್ದರಿಂದ ಆಮದು ಮಾಡಿಕೊಳ್ಳುವ ದೇಶ ಕಾಗದ ನೋಡಿ ಸಹಿ ಹಾಕಿದರೆ ಸಾಲದು. ಆ ಕೇಂದ್ರದಲ್ಲಿ ಎಷ್ಟು ತಾಯಿ ಪ್ರಾಣಿಗಳಿವೆ, ವರ್ಷಕ್ಕೆ ಎಷ್ಟು ಮರಿ ಹುಟ್ಟಬಹುದು, ಎಷ್ಟು ಮಾರಿದ್ದಾರೆ ಎಂದು ಲೆಕ್ಕ ಹಾಕಬೇಕು. ಅನುಮಾನ ಬಂದರೆ ಡಿಎನ್ಎ ಪರೀಕ್ಷೆ ಮಾಡಿಸಬಹುದು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಮಾಡಿ ಸೈಟ್ಸ್ ನಿಯಮಗಳನ್ನು ಸೇರಿಸಲಾಗಿದೆ. ಹಾಗಾಗಿ ಇವು ಈಗ ನಮ್ಮ ದೇಶದ ಕಾನೂನೇ.

ಈ ಕಾನೂನು ಮೃಗಾಲಯಕ್ಕಷ್ಟೇ ಅಲ್ಲ, ಮನೆಗೂ ಅನ್ವಯಿಸುತ್ತದೆ. ಆಫ್ರಿಕನ್ ಗ್ರೇ ಗಿಳಿ, ಇಗುವಾನಾದಂಥ ವಿದೇಶಿ ಜೀವಿಗಳನ್ನು ಸಾಕುವವರು 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಮೊಬೈಲಿನಲ್ಲಿ ಚಂದದ ಮರಿಯ ವಿಡಿಯೊ ನೋಡಿ ಕೊಳ್ಳುವ ಆಸೆಯಾದರೆ, ಬೆಲೆ ಕೇಳುವ ಮೊದಲು ಒಂದು ಮಾತು ಕೇಳಿ: ಇದರ ತಾಯಿ ಎಲ್ಲಿದ್ದಾಳೆ? ಉತ್ತರವೂ ದಾಖಲೆಯೂ ಇಲ್ಲದಿದ್ದರೆ ಕೊಳ್ಳಬೇಡಿ.