ಸಂಬಳ ಕೊಡದ ಕ್ಲಬ್ಬಿಗೆ ಯಾಕೆ ಸೇರುತ್ತಿದ್ದರು?

2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಲಿವರ್‌ಪೂಲ್ ತಂಡದ ಲೆಫ್ಟ್ ಬ್ಯಾಕ್ ಆಂಡಿ ರಾಬರ್ಟ್‌ಸನ್ ಅವರನ್ನು ಫುಟ್‌ಬಾಲ್ ನೋಡುವವರೆಲ್ಲ ಬಲ್ಲರು. ಅದಕ್ಕೆ ಏಳು ವರ್ಷ ಮೊದಲು ಅವರು ಆಡುತ್ತಿದ್ದದ್ದು ಗ್ಲಾಸ್ಗೊ ನಗರದ ಕ್ವೀನ್ಸ್ ಪಾರ್ಕ್ ಕ್ಲಬ್ಬಿಗೆ. ಸಂಬಳ ಒಂದು ಪೌಂಡೂ ಇಲ್ಲ. ಖರ್ಚಿಗೆ ದಾರಿ ಬೇಕಲ್ಲ, ಹಾಗಾಗಿ ತಾವು ಪಂದ್ಯವಾಡುತ್ತಿದ್ದ ಹ್ಯಾಂಪ್‌ಡನ್ ಪಾರ್ಕ್ ಕ್ರೀಡಾಂಗಣದ ಕಚೇರಿಯಲ್ಲೇ ಕೂತು, ಟಿಕೆಟ್ ಕೇಳುವವರ ಫೋನ್ ಕರೆಗಳಿಗೆ ಉತ್ತರ ಕೊಡುತ್ತಿದ್ದರು. ಹಣವಿಲ್ಲ, ಕೆಲಸ ಬೇಕು ಎಂದು ಆ ವರ್ಷ ಟ್ವಿಟರ್‌ನಲ್ಲಿ ಬರೆದುಕೊಂಡಿದ್ದೂ ಉಂಟು.

ಹೀಗೆ ಬಿಟ್ಟಿಯಾಗಿ ಆಡಿದವರು ಅವರೊಬ್ಬರೇ ಅಲ್ಲ. ಸ್ಕಾಟ್ಲೆಂಡಿನ ಅತ್ಯಂತ ಹಳೆಯ ಫುಟ್‌ಬಾಲ್ ಕ್ಲಬ್ಬಾದ ಕ್ವೀನ್ಸ್ ಪಾರ್ಕ್ ಹುಟ್ಟಿದ್ದು 1867ರ ಜುಲೈ 9ರಂದು. ‘ಆಟಕ್ಕಾಗಿಯೇ ಆಟ’ ಎಂಬರ್ಥದ ಲ್ಯಾಟಿನ್ ಮಾತು ಅದರ ಧ್ಯೇಯವಾಕ್ಯ. ಆ ಧ್ಯೇಯವನ್ನು ಕ್ಲಬ್ಬು ಒಂದೂವರೆ ಶತಮಾನ ಅಕ್ಷರಶಃ ಪಾಲಿಸಿತು. 1872ರ ನವೆಂಬರ್ 30ರಂದು ಇಂಗ್ಲೆಂಡಿನ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿದ ಸ್ಕಾಟ್ಲೆಂಡಿನ ಹನ್ನೊಂದು ಮಂದಿಯೂ ಈ ಕ್ಲಬ್ಬಿನವರೇ. ಚೆಂಡನ್ನು ಒಬ್ಬರಿಂದೊಬ್ಬರಿಗೆ ಪಾಸ್ ಮಾಡುತ್ತ ಮುನ್ನುಗ್ಗುವ ಆಟವನ್ನು ಬೆಳೆಸಿದವರಲ್ಲೂ ಇವರು ಮೊದಲಿಗರು. 1881ರಲ್ಲಿ ಇಂಗ್ಲೆಂಡನ್ನು 6–1ರಿಂದ ಮಣಿಸಿದ ಸ್ಕಾಟ್ಲೆಂಡ್ ತಂಡದ ನಾಯಕ, ಇಂದಿನ ಗಯಾನಾದಲ್ಲಿ ಹುಟ್ಟಿದ ಕಪ್ಪುವರ್ಣೀಯ ಆಟಗಾರ ಆಂಡ್ರ್ಯೂ ವಾಟ್ಸನ್ ಕೂಡ ಇಲ್ಲಿಯವರೇ. ಹತ್ತು ಸಲ ಸ್ಕಾಟಿಷ್ ಕಪ್ ಗೆದ್ದಿದ್ದ ಕ್ಲಬ್ಬಿಗೆ 1893ರ ನಂತರ ಆ ಕಪ್ ಸಿಗಲೇ ಇಲ್ಲ. ಆಟಗಾರರಿಗೆ ಹಣ ಕೊಡುವುದನ್ನು ಸ್ಕಾಟ್ಲೆಂಡ್ ಕಾನೂನುಬದ್ಧಗೊಳಿಸಿದ್ದೂ ಅದೇ ವರ್ಷ.

ಆಮೇಲೂ ಹುಡುಗರು ಬರುತ್ತಲೇ ಇದ್ದರು. ಹ್ಯಾಂಪ್‌ಡನ್ ಎಂಬ ಹೆಸರಿನ ಸೆಳೆತ ಅದಕ್ಕೆ ಒಂದು ಕಾರಣ. 1903ರಲ್ಲಿ ತೆರೆದ ಈ ಕ್ರೀಡಾಂಗಣ ಆಗ ಕ್ವೀನ್ಸ್ ಪಾರ್ಕ್‌ನ ಸ್ವಂತದ್ದಾಗಿತ್ತು; ದೇಶದ ತಂಡ ಆಡುವುದೂ ಇಲ್ಲೇ. 1937ರಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಇಲ್ಲಿ ಸೇರಿದ ಜನ 1,49,415. ಈಚಿನ ದಶಕಗಳಲ್ಲಿ ಕ್ಲಬ್ಬಿನ ಲೀಗ್ ಪಂದ್ಯಗಳಿಗೆ ಕೆಲವು ನೂರು ಮಂದಿ ಬಂದರೆ ಹೆಚ್ಚು, ಐವತ್ತು ಸಾವಿರ ಆಸನಗಳಲ್ಲಿ ಬಹುಪಾಲು ಖಾಲಿ. ಆದರೂ ಹದಿನೆಂಟರ ಹುಡುಗನೊಬ್ಬನಿಗೆ ಆ ಹುಲ್ಲಿನ ಮೇಲೆ ಓಡುವುದೇ ದೊಡ್ಡ ಸಂಗತಿಯಾಗಿರಬೇಕು.

ಹ್ಯಾಂಪ್‌ಡನ್‌ಗಿಂತಲೂ ಗಟ್ಟಿಯಾದ ಕಾರಣ, ಆಡಲು ಸಿಗುತ್ತಿದ್ದ ಅವಕಾಶ. ದೊಡ್ಡ ಕ್ಲಬ್ಬುಗಳು ಚಿಕ್ಕ ವಯಸ್ಸಿನಲ್ಲೇ ಹುಡುಗರನ್ನು ಆರಿಸಿಕೊಳ್ಳುತ್ತವೆ, ಅಷ್ಟೇ ಬೇಗ ಕೈಬಿಡುತ್ತವೆ. ರಾಬರ್ಟ್‌ಸನ್ ಅವರನ್ನು ಹದಿನೈದರ ಸುಮಾರಿಗೆ ಸೆಲ್ಟಿಕ್ ಬಿಟ್ಟಿತ್ತು. ಮೈಕಟ್ಟು ಸಾಲದು ಎಂಬುದು ಅದಕ್ಕೆ ಕಾರಣ. ಉಳಿಸಿಕೊಂಡವರ ಪಾಡೂ ಸುಲಭದ್ದಲ್ಲ. ರಿಸರ್ವ್ ತಂಡದಲ್ಲಿ, ಬೆಂಚಿನ ಮೇಲೆ ವರ್ಷಗಳು ಕಳೆದುಹೋಗುತ್ತವೆ. ಕ್ವೀನ್ಸ್ ಪಾರ್ಕ್‌ನಲ್ಲಾದರೆ ಹದಿಹರೆಯದವನೂ ಪ್ರತಿ ಶನಿವಾರ, ಅನುಭವಿ ವೃತ್ತಿಪರ ಗಂಡಸರ ವಿರುದ್ಧ, ಪಾಯಿಂಟಿಗಾಗಿ ನಡೆಯುವ ನಿಜವಾದ ಲೀಗ್ ಪಂದ್ಯದಲ್ಲಿ ಆಡಬಹುದಿತ್ತು. 1945ರಲ್ಲಿ ರಾನಿ ಸಿಂಪ್ಸನ್ ಈ ಕ್ಲಬ್ಬಿನ ಗೋಲ್‌ಕೀಪರ್ ಆಗಿ ನಿಂತಾಗ ವಯಸ್ಸು ಬರೀ ಹದಿನಾಲ್ಕು. ಮುಂದೆ 1967ರಲ್ಲಿ ಸೆಲ್ಟಿಕ್ ಯುರೋಪಿಯನ್ ಕಪ್ ಗೆದ್ದಾಗಲೂ ಗೋಲು ಕಾದವರು ಅವರೇ.

ಓದು ಅಥವಾ ಕಸುಬನ್ನು ಬಿಡಬೇಕಾಗಿರಲಿಲ್ಲ ಎನ್ನುವುದೂ ಮುಖ್ಯ. ತರಬೇತಿ ಸಂಜೆಯ ಹೊತ್ತು, ಪಂದ್ಯ ವಾರಾಂತ್ಯಕ್ಕೆ. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಆಗಿ ಲೋಕಪ್ರಸಿದ್ಧರಾದ ಅಲೆಕ್ಸ್ ಫರ್ಗುಸನ್ 1950ರ ದಶಕದ ಕೊನೆಯಲ್ಲಿ ಇಲ್ಲಿ ಆಡಿದ್ದು, ಕಾರ್ಖಾನೆಯಲ್ಲಿ ಟೂಲ್‌ಮೇಕರ್ ಅಪ್ರೆಂಟಿಸ್ ಆಗಿದ್ದುಕೊಂಡೇ. ನಮ್ಮ ಬೆಂಗಳೂರಿನಲ್ಲಿ ಇದೇ ಕಷ್ಟಕ್ಕೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಬೇರೆ ದಾರಿ ಕಂಡುಕೊಂಡವು: ಒಳ್ಳೆಯ ಆಟಗಾರನಿಗೆ ಅಲ್ಲೇ ನೌಕರಿ, ಅದೇ ಕಾರ್ಖಾನೆಯ ತಂಡದಲ್ಲಿ ಜಾಗ. ಬೆಂಗಳೂರು ಮತ್ತು ಗ್ಲಾಸ್ಗೊದ ಹವ್ಯಾಸಿ ಆಟ ಒಂದೇ ಕಣಕ್ಕೆ ಬಂದದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಸಿಂಪ್ಸನ್ ಬ್ರಿಟನ್ ತಂಡದಲ್ಲಿದ್ದರು. ಬಹುತೇಕ ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಇನ್ನು ಎಲ್ಲಕ್ಕಿಂತ ದೊಡ್ಡ ಆಕರ್ಷಣೆ ಎಂದು ನನಗನ್ನಿಸುವುದು, ಬಿಟ್ಟುಹೋಗುವ ಸ್ವಾತಂತ್ರ್ಯ. ಸಂಬಳ ಕೊಡದ ಕ್ಲಬ್ಬು ಆಟಗಾರನನ್ನು ಕಟ್ಟಿಹಾಕುವಂತಿರಲಿಲ್ಲ. ಬೇರೆಯವರು ಕರೆದರೆ, ವರ್ಗಾವಣೆ ಶುಲ್ಕದ ಚೌಕಾಸಿಯಿಲ್ಲದೆ ಆತ ಹೊರಡಬಹುದಿತ್ತು. 2012–13ರಲ್ಲಿ ಹಣಕಾಸಿನ ಕುಸಿತದಿಂದ ರೇಂಜರ್ಸ್ ಕ್ಲಬ್ಬು ಕಟ್ಟಕಡೆಯ ಡಿವಿಷನ್ನಿಗೆ ಬಿದ್ದು ಕ್ವೀನ್ಸ್ ಪಾರ್ಕ್‌ಗೆ ಎದುರಾಳಿಯಾಯಿತು. ಹ್ಯಾಂಪ್‌ಡನ್‌ಗೆ ಸಾವಿರಾರು ಜನ ಬಂದರು, ಬೇರೆ ಕ್ಲಬ್ಬುಗಳ ಕಣ್ಣು ಈ ಹುಡುಗರ ಮೇಲೆ ಬಿತ್ತು. ಆ ಋತು ಮುಗಿದದ್ದೇ ರಾಬರ್ಟ್‌ಸನ್ ಡಂಡೀ ಯುನೈಟೆಡ್‌ಗೆ ಹೋದರು, ಜೊತೆಗಾರ ಲಾರೆನ್ಸ್ ಶ್ಯಾಂಕ್‌ಲ್ಯಾಂಡ್ ಅಬರ್ಡೀನ್‌ಗೆ. ಇಬ್ಬರೂ ಮುಂದೆ ದೇಶಕ್ಕೆ ಆಡಿದರು. ಹೋಗುವ ಬಾಗಿಲು ಸದಾ ತೆರೆದಿತ್ತು, ಆದ್ದರಿಂದಲೇ ಒಳಗೆ ಬರಲು ಯಾರೂ ಹಿಂಜರಿಯಲಿಲ್ಲ.

ಕೊನೆಗೆ ಕ್ಲಬ್ಬನ್ನು ಬದಲಾಯಿಸಿದ್ದೂ ಅದೇ ಬಾಗಿಲು. ಬೆಳೆಸಿದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರೆ, ಬದಲಿಗೆ ಏನೂ ಕೈಗೆ ಬಾರದಿದ್ದರೆ, ಯಾವ ಸಂಸ್ಥೆ ತಾನೇ ಎಷ್ಟು ಕಾಲ ತಾಳೀತು? ಹ್ಯಾಂಪ್‌ಡನ್ ಅನ್ನು ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಗೆ 50 ಲಕ್ಷ ಪೌಂಡ್‌ಗೆ ಮಾರಲು ಮೊದಲು ಒಪ್ಪಂದವಾಯಿತು. 2019ರ ನವೆಂಬರ್‌ನಲ್ಲಿ ಸದಸ್ಯರು ಮತ ಹಾಕಿ, ಸಂಬಳ ಕೊಡದಿರುವ 152 ವರ್ಷಗಳ ನಿಯಮವನ್ನು ಕೈಬಿಟ್ಟರು. ಸಂಬಳದ ತಂಡ ಬೇಗ ಮೇಲೇರಿತು: 2022ರಲ್ಲಿ ಎರಡನೇ ಸ್ತರದ ಲೀಗಿಗೆ ಬಡ್ತಿ, 2025ರ ಫೆಬ್ರವರಿಯಲ್ಲಿ ಸ್ಕಾಟಿಷ್ ಕಪ್‌ನಲ್ಲಿ ರೇಂಜರ್ಸ್ ಅನ್ನು ಅವರ ನೆಲದಲ್ಲೇ 1–0ರಿಂದ ಸೋಲಿಸಿದ ಗೆಲುವು. ಸದಸ್ಯರ ನಿರ್ಧಾರವನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೂ ನೋವಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಶನಿವಾರದ ಹವ್ಯಾಸಿ ತಂಡಗಳು ಈಗಲೂ ಬೇಕಾದಷ್ಟಿವೆ. ಆದರೆ ದೇಶದ ವೃತ್ತಿಪರ ಲೀಗಿನ ಒಳಗೇ ಇದ್ದು, ಬೇರೆಯವರು ಬೇಡವೆಂದ ಹುಡುಗನಿಗೆ ಜೆರ್ಸಿ ಕೊಟ್ಟು, ಬೆಳೆದ ಮೇಲೆ ತಡೆಯದೆ ಕಳಿಸಿಕೊಡುತ್ತಿದ್ದ ಕ್ಲಬ್ಬು ಇದೊಂದೇ ಆಗಿತ್ತು.