ಜೋಳದ ಬಿಸ್ಕತ್ತು ಹೊದಿಸಿದ ಸೇಬಿನ ಸಿಹಿ: ಮನೆಯ ಒಲೆಯ ಮೇಲೆಯೇ ಬೇಯಿಸುವ ಕ್ರಮ

ಒಕ್ಕಲುತನದ ವಿಷಯಗಳನ್ನೇ ಪ್ರಕಟಿಸುವ ಈ ಪತ್ರಿಕೆಯಲ್ಲಿ ಅಡಿಗೆಯ ಮಾತೇಕೆಂದು ಗ್ರಾಮಪ್ರಮುಖರೂ ಭೂಮಾಲೀಕರೂ ಆದ ವಾಚಕ ಮಹಾಶಯರು ಕೇಳಬಹುದು. ಬೆಳೆದವನ ಮನೆಯಲ್ಲಿಯೇ ಧಾನ್ಯಕ್ಕೆ ಮರ್ಯಾದೆ ಇಲ್ಲದಿದ್ದರೆ ಪೇಟೆಯಲ್ಲಿ ಅದಕ್ಕೆ ಬೆಲೆ ಹೇಗೆ ಬಂದೀತು? ಆಳಂದ ತಾಲ್ಲೂಕಿನ ಜಿಡಗಾ ಮತ್ತು ಅದರ ಸುತ್ತಲಿನ ಗ್ರಾಮಗಳ ಎರೆಭೂಮಿಯಲ್ಲಿ ತೊಗರಿಯ ಸಂಗಡ ಹಿಂಗಾರಿ ಜೋಳವೂ ತಲೆತಲಾಂತರದಿಂದ ಬೆಳೆಯುತ್ತ ಬಂದಿದೆ. ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ ಎಂ 35-1 ತಳಿಯ ಹೆಸರನ್ನು ಕೇಳದ ಒಕ್ಕಲಿಗನು ಈ ಸೀಮೆಯಲ್ಲಿ ಅಪರೂಪ. ಹೀಗಿದ್ದರೂ ಮನೆಯಲ್ಲಿ ಜೋಳದ ಚೀಲ ತುಂಬಿರುವಾಗಲೇ ಮಕ್ಕಳ ಕೈಗೆ ಮೈದಾಹಿಟ್ಟಿನ ಬಿಸ್ಕತ್ತಿನ ಪೊಟ್ಟಣ ಬರುತ್ತದೆ. ರೊಟ್ಟಿಯ ಹೊರತು ಜೋಳದಿಂದ ಮತ್ತೇನೂ ಆಗದೆಂಬ ಭಾವನೆ ಬೇರೂರಿದೆ. ತೊಗರಿಗೆ ಬೆಲೆಯುಂಟೆಂದು ಜೋಳದ ಹೊಲವನ್ನು ಕಿರಿದು ಮಾಡಿದವರು ಬೇಸಗೆಯಲ್ಲಿ ಎತ್ತುಗಳಿಗೆ ಕಣಿಕೆಯಿಲ್ಲದೆ ಪರದಾಡುವುದನ್ನು ನಾನು ಸಂಚಾರದಲ್ಲಿ ಕಂಡಿದ್ದೇನೆ.

ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣಿಗರು ಜೋಳದ ಕಡೆಗೆ ತಿರುಗಿ ನೋಡಿದ್ದಾರೆ. ನಮ್ಮ ಜಿಲ್ಲೆಯ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ರೊಟ್ಟಿಯನ್ನು ಮಾರುತ್ತಿರುವುದನ್ನು ತಾವು ಬಲ್ಲಿರಿ. ರೊಟ್ಟಿಯಾಗುವ ಹಿಟ್ಟಿನಿಂದ ಬಿಸ್ಕತ್ತೂ ಆಗುತ್ತದೆ. ಅದರ ಅಡಿಯಲ್ಲಿ ಸೇಬು, ಬೆಲ್ಲ, ದಾಲ್ಚಿನ್ನಿಗಳನ್ನಿಟ್ಟು ಬೇಯಿಸಿದರೆ ಹಬ್ಬದ ದಿನಕ್ಕೂ ಸಲ್ಲುವ ಸಿಹಿಯಾಗುತ್ತದೆ.

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬ್ರೆಡ್ಡಿನಂತೆ ಉಬ್ಬಬೇಕಾದ ಪದಾರ್ಥಕ್ಕೆ ಇದು ದೊಡ್ಡ ಕೊರತೆಯೇ ಸರಿ. ಆದರೆ ಬಿಸ್ಕತ್ತು ಉಬ್ಬಬೇಕಾಗಿಲ್ಲ, ಬಾಯಲ್ಲಿ ಹುಡಿಯಾದರೆ ಸಾಕು. ಆದಕಾರಣ ಮೈದಾಕ್ಕಿಂತ ಜೋಳವೇ ಇಲ್ಲಿ ಅನುಕೂಲವೆಂದು ಹೇಳಲು ನನಗೆ ಸಂಕೋಚವಿಲ್ಲ. ಕೈಯಲ್ಲಿ ಹಿಡಿದಾಗಲೇ ಮುರಿಯದಂತೆ ಮಾತ್ರ ಉಪಾಯ ಮಾಡಬೇಕು. ಆ ಉಪಾಯ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ರೊಟ್ಟಿಗೆ ಎಸರಿಟ್ಟು ಹಿಟ್ಟನ್ನು ನಾದುವುದು ಏತಕ್ಕೆ? ಕುದಿನೀರು ತಗುಲಿದೊಡನೆ ಪಿಷ್ಟವು ಬೆಂದು ಗಂಜಿಯಂತಾಗಿ ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ನಾನು ಮೊದಲನೆಯ ಸಲ ಇದನ್ನು ಮರೆತು ತಣ್ಣನೆಯ ಹಾಲಿನಲ್ಲಿ ಕಲಸಿದೆನು. ತಟ್ಟೆಯಿಂದ ಎತ್ತುವಷ್ಟರಲ್ಲಿ ಬಿಸ್ಕತ್ತೆಲ್ಲ ರವೆಯಾಗಿತ್ತು. ನಗುತ್ತ ನಿಂತಿದ್ದ ಮನೆಯವಳೇ ಎಸರಿನ ಮಾತನ್ನು ನೆನಪಿಸಿದಳು.

ಆರು ಜನರಿಗೆ ಬೇಕಾದ ಪದಾರ್ಥಗಳು ಇಷ್ಟು: ಜೋಳದ ಹಿಟ್ಟು 150 ಗ್ರಾಂ, ತುಪ್ಪ 70 ಗ್ರಾಂ, ಬೆಲ್ಲದ ಪುಡಿ 110 ಗ್ರಾಂ, ನಾಲ್ಕು ಸೇಬು (ಸುಮಾರು 600 ಗ್ರಾಂ), ದಾಲ್ಚಿನ್ನಿ ಪುಡಿ ಒಂದು ಚಹಾ ಚಮಚ, ಅರ್ಧ ಲಿಂಬೆಹಣ್ಣು, ನಾಲ್ಕು ದೊಡ್ಡ ಚಮಚ ಹಾಲು, ಹುರಿದು ತರಿಯಾಗಿ ಕುಟ್ಟಿದ ಶೇಂಗಾ ಒಂದು ಹಿಡಿ, ಚಿಟಿಕೆ ಉಪ್ಪು. ಹಿಟ್ಟು ಹೊಸದಾಗಿ ಬೀಸಿದುದಾಗಿರಬೇಕು. ಹಳೆಯ ಹಿಟ್ಟಿನಲ್ಲಿ ಕಾಳಿನ ಎಣ್ಣೆಯಂಶ ಕೆಟ್ಟು ಕಹಿಯೇರುತ್ತದೆ. ಆ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗದು. ದಾಲ್ಚಿನ್ನಿಯನ್ನು ಪುಡಿಯಾಗಿ ಕೊಳ್ಳದೆ ತೊಗಟೆಯಾಗಿಯೇ ಕೊಳ್ಳುವುದು ಲೇಸು. ಕಾಗದದಂತೆ ತೆಳುವಾದ ಹಲವು ಪದರಗಳು ಸುರುಳಿಗೊಂಡು, ಬೆರಳಿನಲ್ಲಿ ಮುರಿಯುವುದು ಸಿಂಹಳದ ನಿಜವಾದ ದಾಲ್ಚಿನ್ನಿ. ಒಂದೇ ದಪ್ಪ ಪದರದ ಗಡುಸು ತೊಗಟೆಯು ಕ್ಯಾಸಿಯಾ ಎಂಬ ಬೇರೆ ಜಾತಿ. ಇದರ ವಾಸನೆ ಖಾರ; ದಿನವೂ ಹೆಚ್ಚಾಗಿ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ಅಪರೂಪಕ್ಕೆ ಒಂದು ಚಮಚ ಬಳಸುವುದರಿಂದ ಬಾಧಕವಿಲ್ಲ.

ಸೇಬಿನ ಸಿಪ್ಪೆ ತೆಗೆದು ತೆಳುವಾಗಿ ಹೆಚ್ಚಿ, ಲಿಂಬೆರಸ, ದಾಲ್ಚಿನ್ನಿ ಮತ್ತು 50 ಗ್ರಾಂ ಬೆಲ್ಲವನ್ನು ಬೆರೆಸಿ ಅರ್ಧ ಗಂಟೆ ಇಡತಕ್ಕದ್ದು. ಹಣ್ಣು ನೀರು ಬಿಡುತ್ತದೆ. ಆ ನೀರನ್ನು ಬಸಿದು, ಕುದಿಸಿ, ಜೇನಿನಷ್ಟು ದಪ್ಪವಾದ ಮೇಲೆ ಮರಳಿ ಹಣ್ಣಿಗೆ ಸೇರಿಸಬೇಕು. ಇದೊಂದು ಕೆಲಸವನ್ನು ಬಿಟ್ಟರೆ ಮೇಲಿನ ಬಿಸ್ಕತ್ತು ನೆನೆದು ಹಿಟ್ಟಿನ ಮುದ್ದೆಯಾಗುವುದು. ಹಣ್ಣನ್ನಿಡುವ ಡಬ್ಬಿ ಉಕ್ಕಿನದಿರಲಿ. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆ ಹುಳಿಗೆ ಕಿಲುಬೇಳುತ್ತದೆ.

ಹಿಟ್ಟನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿದು ಆರಿಸಬೇಕು. ಎರಡು ಚಮಚ ಹಿಟ್ಟನ್ನು ಕುದಿಯುವ ಹಾಲಿಗೆ ಹಾಕಿ ತಿರುವಿ ಗಂಜಿ ಮಾಡಿಟ್ಟುಕೊಳ್ಳಿರಿ. ಗಂಜಿ ಆರುವ ಮುನ್ನ ಬೆಲ್ಲ ಸೇರಿಸಿದರೆ ಹಾಲು ಒಡೆಯುವ ಸಂಭವವುಂಟು. ಉಳಿದ ಹಿಟ್ಟಿಗೆ ಹೆಪ್ಪುಗಟ್ಟಿದ ತುಪ್ಪವನ್ನು ಬೆರಳತುದಿಯಿಂದ ತಿಕ್ಕಿ, ಉಳಿದ ಬೆಲ್ಲ, ಶೇಂಗಾ, ಉಪ್ಪು ಸೇರಿಸಿ, ಆರಿದ ಗಂಜಿಯಿಂದ ಕಲಸಿ, ಪೇಢೆಯಂತೆ ಹನ್ನೆರಡು ಬಿಲ್ಲೆಗಳನ್ನು ತಟ್ಟಬೇಕು.

ವಿದ್ಯುತ್ ಒಲೆಗೂಡು ಉಳ್ಳವರು 180 ಡಿಗ್ರಿ ಶಾಖದಲ್ಲಿ ಬೇಯಿಸಬಹುದು. ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯೊಂದರಲ್ಲಿ ಎರಡು ಬೆರಳು ಎತ್ತರ ಒಣ ಮರಳನ್ನು ಹರಡಿ, ಮುಚ್ಚಿ, ಹತ್ತು ಮಿನಿಟು ಕಾಯಿಸಲಿ. ಹಣ್ಣಿನ ಡಬ್ಬಿಯನ್ನು ಮರಳಿನ ಮೇಲಿಟ್ಟು ಕಾಲು ಗಂಟೆ ಬೇಯಿಸಿ, ಅನಂತರ ಬಿಲ್ಲೆಗಳನ್ನು ಹೊದಿಸಿ ಇನ್ನೂ ಅರ್ಧ ಗಂಟೆ ನಡುಉರಿಯಲ್ಲಿ ಇಡುವುದು. ಮುಚ್ಚಳದೊಳಗಿನ ಬೆವರನ್ನು ಒಂದೆರಡು ಬಾರಿ ಒರೆಸಬೇಕು. ಕಡೆಯ ಹತ್ತು ಮಿನಿಟು ಮುಚ್ಚಳದ ಮೇಲೆ ಕೆಂಡ ಹರಡಿದರೆ ಬಿಸ್ಕತ್ತು ಕೆಂಪಗಾಗುತ್ತದೆ. ಕೆಂಡದ ಕೆಲಸವನ್ನು ಅಂಗಳದಲ್ಲಿಯೇ ಮಾಡಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಪ್ರಾಣಕ್ಕೆ ಅಪಾಯ.

ಇಷ್ಟು ಓದಿದ ಕೆಲವರು ಸೇಬಿನ ಗಿಡವನ್ನೇ ಹೊಲದಲ್ಲಿ ನೆಟ್ಟರೇನೆಂದು ಯೋಚಿಸುವರು. ಕಳೆದ ವರ್ಷ ಒಬ್ಬ ಜಮೀನುದಾರರು ಎರಡು ಎಕರೆಗೆ ಸಸಿ ತರಿಸುವ ಸಿದ್ಧತೆಯಲ್ಲಿ ನನ್ನನ್ನು ಕೇಳಿದರು. ಕಾಶ್ಮೀರದ ಸಾಮಾನ್ಯ ಜಾತಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆ ಬೇಕು. ನಮ್ಮಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಹಿಮಾಚಲದ ಬಿಲಾಸಪುರದ ಹರಿಮನ್ ಶರ್ಮರು ಬೆಳೆಸಿದ ಎಚ್‌ಆರ್‌ಎಂಎನ್-99, ಇಸ್ರೇಲಿನ ಅನ್ನಾ ಮೊದಲಾದವು ಸ್ವಲ್ಪ ಚಳಿಯಲ್ಲಿಯೇ ಕಾಯಿಬಿಡುವುದು ನಿಜ. ಆದರೂ ಹಿತ್ತಲಲ್ಲಿ ನಾಲ್ಕು ಗಿಡ ನೆಟ್ಟು ನಾಲ್ಕೈದು ವರ್ಷ ನೋಡಿರೆಂದು ಅವರಿಗೆ ಹೇಳಿದೆನು. ಎರಡು ಎಕರೆಯಲ್ಲಿ ಅವರು ಜೋಳವನ್ನೇ ಬಿತ್ತಿದರು.

ಸೇಬು ತುಟ್ಟಿಯಾದ ದಿನಗಳಲ್ಲಿ ಪೇರಲವು ಈ ಸಿಹಿಗೆ ಚೆನ್ನಾಗಿ ಒಗ್ಗುತ್ತದೆ. ಪೂರ್ತಿ ಮಾಗದ ಗಟ್ಟಿ ಹಣ್ಣನ್ನೇ ಆರಿಸಿ, ಬೀಜದ ತಿರುಳನ್ನು ತೆಗೆದುಹಾಕಬೇಕು. ಆಪಲ್ ಬೋರೆಯೂ ಆದೀತು. ಅದರಲ್ಲಿ ಹುಳಿ ಕಡಿಮೆಯಾದ್ದರಿಂದ ಲಿಂಬೆ ಒಂದು ಪೂರ್ತಿ ಬೇಕು, ಬೆಲ್ಲ ಸ್ವಲ್ಪ ಕಡಿಮೆ ಸಾಕು. ಸಕ್ಕರೆ ರೋಗವುಳ್ಳವರು ಬೆಲ್ಲವೆಂದು ಧೈರ್ಯಗೊಳ್ಳಬಾರದು. ಈ ವಿಷಯದಲ್ಲಿ ಅದು ಸಕ್ಕರೆಯ ಒಡಹುಟ್ಟೇ.

ಮಾಡಿದ ದಿನವೇ ತಿಂದರೆ ರುಚಿ. ಮರುದಿನಕ್ಕೆ ಉಳಿದರೆ ಬಿಸ್ಕತ್ತು ಮೆತ್ತಗಾಗುತ್ತದೆ. ಅದನ್ನು ಮೇಲಿನಿಂದ ಎತ್ತಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ, ಹಣ್ಣನ್ನು ಬೇರೆಯಾಗಿ ಬಿಸಿಮಾಡಿ ಬಡಿಸಬಹುದು. ಹಣ್ಣಿಲ್ಲದೆ ಬರಿಯ ಬಿಲ್ಲೆಗಳನ್ನೇ ಗರಿಯಾಗುವವರೆಗೆ ಬೇಯಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ನಮ್ಮ ಮನೆಯಲ್ಲಿ ಎಂಟು ದಿನ ಕೆಡಲಿಲ್ಲ. ಒಂಬತ್ತನೆಯ ದಿನಕ್ಕೆ ಉಳಿದಿರಲಿಲ್ಲ.