ಆಯುಧರೂಪದಿಂದ ಕಾಲನಿರ್ಣಯ: ‘ತ್ರೀ ನಾಟ್ ತ್ರೀ’ ತೋಟಾದ ನಿದರ್ಶನ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ, ಹಳೇಬೀಡು ಸೀಮೆಗಳ ವೀರಗಲ್ಲುಗಳನ್ನು ಪರಿಶೀಲಿಸುವವರು, ಶಾಸನವಿಲ್ಲದೆಡೆಯಲ್ಲಿ ವೀರನ ಕೈಯ ಆಯುಧದ ರೂಪದಿಂದ ಕಾಲವನ್ನು ಊಹಿಸುವುದುಂಟು. ಈ ಕ್ರಮವು ಎಷ್ಟರಮಟ್ಟಿಗೆ ವಿಶ್ವಾಸಾರ್ಹವೆಂಬುದನ್ನು, ಚರಿತ್ರೆಯು ಚೆನ್ನಾಗಿ ತಿಳಿದಿರುವ ಈಚಿನ ಆಯುಧವೊಂದರಿಂದ ಪರೀಕ್ಷಿಸಬಹುದಾಗಿದೆ. ಪೊಲೀಸರ ಹೆಗಲಿನಲ್ಲಿಯೂ ಕಾಲೇಜಿನ ಎನ್.ಸಿ.ಸಿ. ಕವಾಯತಿನಲ್ಲಿಯೂ ಅಧ್ಯಾಪಕರು ಕಂಡಿರುವ ‘ತ್ರೀ ನಾಟ್ ತ್ರೀ’ ಬಂದೂಕೇ ಅದು.

ಈ ಹೆಸರು ನಳಿಗೆಯ ಒಳವ್ಯಾಸದಿಂದ ಬಂದುದು. ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 303 ಪಾಲು. ಇದರ ತೋಟಾ 1888ರಲ್ಲಿ ಕರಿಮದ್ದಿನೊಡನೆ ಬ್ರಿಟಿಷ್ ಸೈನ್ಯವನ್ನು ಸೇರಿತು. ಕೆಲವೇ ವರ್ಷಗಳಲ್ಲಿ ಕರಿಮದ್ದಿನ ಸ್ಥಾನಕ್ಕೆ ಕಾರ್ಡೈಟ್ ಬಂದಿತು. 1910ರಲ್ಲಿ ಗುಂಡಿನ ಮೊನೆ ಚೂಪಾಯಿತು. ಒಡಲು ಮಾತ್ರ ಹಳೆಯದೇ. 1912ರ ವಿಕರ್ಸ್ ಮಷೀನ್‌ಗನ್ನಿಗೂ ತರುವಾಯದ ಬ್ರೆನ್ನಿಗೂ ಇದೇ ತೋಟಾ ಒದಗುತ್ತಿದ್ದುದು ಅದರ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. (ಬ್ರೆನ್ ಎಂಬುದು ಬ್ರನೋ, ಎನ್‌ಫೀಲ್ಡ್ ಎಂಬ ಎರಡು ಊರುಗಳ ಆದ್ಯಕ್ಷರಗಳ ಕೂಡಿಕೆ, ಪ್ರತ್ಯಾಹಾರವನ್ನು ಕಲಿತವರಿಗೆ ವಿನೋದವಾದೀತು.)

1962ರ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದುದು ಬಹುಮಟ್ಟಿಗೆ ಈ ಬಂದೂಕೇ. ಆ ಬಳಿಕ ಸೈನ್ಯವು 7.62 ಮಿಲಿಮೀಟರಿನ ತೋಟಾಕ್ಕೆ ತಿರುಗಿತು. ಇಲ್ಲಿಯೇ ನಮಗೆ ಬೇಕಾದ ಪಾಠವಿರುವುದು. ಬ್ರೆನ್ನನ್ನು ಬಿಸುಡದೆ ಹೊಸ ತೋಟಾಕ್ಕೆ ಹೊಂದಿಸಿಕೊಂಡರು. ಹಳೆಯ ತೋಟಾದ ಬುಡಕ್ಕೆ ಹೊರಚಾಚಿದ ಅಂಚಿದ್ದುದರಿಂದ ಬ್ರೆನ್ನಿನ ತೋಟಾಪೆಟ್ಟಿಗೆಯನ್ನು ಬಾಗಿಸಬೇಕಾಗಿತ್ತು. ಅಂಚು ಹೋದೊಡನೆ ಪೆಟ್ಟಿಗೆಯು ಬಹುಮಟ್ಟಿಗೆ ನೆಟ್ಟಗಾಯಿತು. ಬಂಗಾಳದ ಇಷಾಪುರದ ಕಾರ್ಖಾನೆಯು 1960ರ ದಶಕದಲ್ಲಿ ಹಳೆಯ ಬಂದೂಕಿನ ಆಕಾರದಲ್ಲಿಯೇ ಹೊಸ ತೋಟಾದ ಬಂದೂಕನ್ನು ತಯಾರಿಸಿತು. ದೂರದಿಂದ ನೋಡಿದವನು ಇದನ್ನು ಮೊದಲನೆಯ ಮಹಾಯುದ್ಧದ್ದೆಂದೇ ಹೇಳಿಯಾನು. ಚೌಕನಾದ ತೋಟಾಪೆಟ್ಟಿಗೆಯೊಂದೇ ಭೇದಸೂಚಕ. ಇತ್ತ ಪೊಲೀಸರಲ್ಲಿ ಹಳೆಯದು ಹಾಗೆಯೇ ಉಳಿಯಿತು: ಉತ್ತರಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟುದು 2020ರ ಗಣರಾಜ್ಯೋತ್ಸವದಲ್ಲಿ. 1888ರಿಂದ ಎಣಿಸಿದರೆ 132 ವರ್ಷಗಳು!

ಆದುದರಿಂದ ಆಯುಧದ ರೂಪವು ಕಾಲದ ಮೇಲಣ ಎಲ್ಲೆಯನ್ನು, ಎಂದರೆ ಇದಕ್ಕಿಂತ ಹಿಂದಿನದಲ್ಲವೆಂಬುದನ್ನು, ಮಾತ್ರ ತಿಳಿಸುತ್ತದೆ; ಕೆಳಗಣ ಎಲ್ಲೆಯನ್ನು ತಿಳಿಸದು. ವೀರಗಲ್ಲಿನ ಕತ್ತಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಲಿಪಿ, ಉಡುಗೆ, ಶಿಲ್ಪಶೈಲಿಗಳನ್ನು ಕೂಡಿಸಿಯೇ ನಿರ್ಣಯಿಸಬೇಕು.

ತೋಟಾದ ಬುಡದಲ್ಲಿಯೂ ಒಂದು ಕಿರುಶಾಸನವುಂಟು. ಪುಣೆಯ ಬಳಿಯ ಕಿರ್ಕಿಯಲ್ಲಿ ಆದುದಕ್ಕೆ ‘ಕೆ’, ‘ಎಫ್’ ಅಕ್ಷರಗಳು, ವರ್ಷದ ಅಂಕಿ, ಗುಂಡಿನ ಗುರುತಿನ ಸಂಖ್ಯೆ. ಆ ವರ್ಷವಾದರೂ ತಯಾರಾದ ವರ್ಷವೇ ಹೊರತು ಸಿಡಿದ ವರ್ಷವಲ್ಲ. ಹೊಲದಲ್ಲಿ ಸಿಡಿಯದ ತೋಟಾ ದೊರೆತರೆ ಶೋಧಕರು ಅದನ್ನು ಮುಟ್ಟದೆ ಠಾಣೆಗೆ ತಿಳಿಸತಕ್ಕದ್ದು.